ಮರದ ಮನೆಯ ತೊಕ್ ಗುರು: ಕೆಲಂತಾನಿನ ನಿಕ್ ಅಜೀಜ್

(ಓದುಗರ ಬಳಗವೊಂದರ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಹದವನ್ನು ಮಾತ್ರ ಆದಷ್ಟು ಹಾಗೆಯೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಲೇಶಿಯಾದ ಒಂದು ರಾಜ್ಯದ ಮುಖ್ಯಮಂತ್ರಿಯ ಬಗ್ಗೆ ಮಾತನಾಡುತ್ತೇನೆ ಎಂದಾಗ ಈ ಕೂಟವನ್ನು ನಡೆಸುವ ಗೆಳೆಯರು ಒಂದು ಕ್ಷಣ ಸುಮ್ಮನಾದರು. ಆಮೇಲೆ, “ಸರ್, ಅಲ್ಲಿನ ಪ್ರಧಾನಿಯ ಹೆಸರೇ ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ, ಮುಖ್ಯಮಂತ್ರಿಯ ಕಥೆ ಕೇಳಲು ಯಾರು ಬರುತ್ತಾರೆ?” ಎಂದರು. ಇವತ್ತು ಕುರ್ಚಿಗಳು ತುಂಬಿವೆ. ಹೊರಗೆ ಮಳೆ ಬರುತ್ತಿರುವುದೂ ಅದಕ್ಕೆ ಒಂದು ಕಾರಣ ಇರಬಹುದು.

ಮೊದಲು ಪದಗಳ ಲೆಕ್ಕ ಚುಕ್ತಾ ಮಾಡಿಬಿಡುತ್ತೇನೆ. ಮಲೇಶಿಯಾದಲ್ಲಿ 13 ರಾಜ್ಯಗಳಿವೆ. ಅವುಗಳಲ್ಲಿ 9 ರಾಜ್ಯಗಳಿಗೆ ಇಂದಿಗೂ ವಂಶಪಾರಂಪರ್ಯದ ಅರಸರಿದ್ದಾರೆ. ಅಂಥ ರಾಜ್ಯಗಳ ಮುಖ್ಯಮಂತ್ರಿಯನ್ನು ಮಲಯ ಭಾಷೆಯಲ್ಲಿ ‘ಮೆಂತೆರಿ ಬೆಸಾರ್’ ಎನ್ನುತ್ತಾರೆ. ಮೆಂತೆರಿ ಎಂದರೆ ನಮ್ಮ ಮಂತ್ರಿಯೇ, ಬೆಸಾರ್ ಎಂದರೆ ದೊಡ್ಡ. ದೊಡ್ಡ ಮಂತ್ರಿ. ಪ್ರಧಾನಿ ‘ಪೆರ್ದಾನ ಮೆಂತೆರಿ’. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೇಳಲಿರುವ ಕಥೆ ನಡೆಯುವ ಊರು ಕೋಟ ಭಾರು. ಕೋಟ ಎಂದರೆ ಕೋಟೆ, ಭಾರು ಎಂದರೆ ಹೊಸದು. ನಮ್ಮ ಬೆಂಗಳೂರಿನ ಪಕ್ಕದಲ್ಲಿ ಒಂದು ಹೊಸಕೋಟೆ ಇರುವಂತೆ ಥಾಯ್ಲೆಂಡ್ ಗಡಿಯ ಹತ್ತಿರ, ದಕ್ಷಿಣ ಚೀನಾ ಸಮುದ್ರದ ಅಂಚಿಗೆ ಇನ್ನೊಂದು ಹೊಸಕೋಟೆ ಇದೆ. ಅದು ಕೆಲಂತಾನ್ ರಾಜ್ಯದ ರಾಜಧಾನಿ.

ಈ ಕೆಲಂತಾನ್ ಮಲಯ ಪರ್ಯಾಯದ್ವೀಪದ ಈಶಾನ್ಯ ಮೂಲೆ. 1909ರವರೆಗೆ ಸಯಾಮಿನ ಅಧೀನದಲ್ಲಿದ್ದು, ಆ ವರ್ಷದ ಒಪ್ಪಂದದಲ್ಲಿ ಬ್ರಿಟಿಷರ ಕೈಗೆ ಬಂತು. ಜನರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಮಲಯ ಮುಸ್ಲಿಮರು. ಅವರ ಮಲಯ ನುಡಿ ಕ್ವಾಲಾಲಂಪುರದವರಿಗೆ ಅರ್ಧ ಅರ್ಥವಾಗುವುದಿಲ್ಲ. ದೇಶದ ಬಡ ರಾಜ್ಯಗಳ ಪಟ್ಟಿಯಲ್ಲಿ ಈ ಹೆಸರು ತಪ್ಪುವುದೇ ಇಲ್ಲ. ಆದರೆ ಇಲ್ಲಿಯವರ ಹೆಮ್ಮೆಗೆ ಬಡತನವಿಲ್ಲ. ತಮ್ಮ ನಾಡನ್ನು ಅವರು ‘ಸೆರಾಂಬಿ ಮೆಕ್ಕಾ’ ಎಂದು ಕರೆದುಕೊಳ್ಳುತ್ತಾರೆ, ಅಂದರೆ ಮೆಕ್ಕಾದ ಜಗಲಿ. ಊರೂರಿಗೆ ಧರ್ಮಗುರುಗಳಿದ್ದು, ಅವರ ಸುತ್ತ ಪಾಠಶಾಲೆಗಳು ಬೆಳೆದಿದ್ದರಿಂದ ಬಂದ ಹೆಸರು.

ಆ ಪಾಠಶಾಲೆಗಳಿಗೆ ‘ಪೊಂಡೊಕ್’ ಎನ್ನುತ್ತಾರೆ. ಪದದ ಅರ್ಥ ಗುಡಿಸಲು. ಗುರುವಿನ ಮನೆಯ ಸುತ್ತ ಶಿಷ್ಯರು ತಾವೇ ಗುಡಿಸಲು ಕಟ್ಟಿಕೊಂಡು, ಅಡುಗೆ ಮಾಡಿಕೊಂಡು, ವರ್ಷಗಟ್ಟಲೆ ಓದುತ್ತಿದ್ದರು. ನಮ್ಮ ಗುರುಕುಲ ಎಂದುಕೊಂಡರೆ ತೀರಾ ತಪ್ಪಾಗುವುದಿಲ್ಲ. ಆ ಗುರುವನ್ನು ಜನ ‘ತೊಕ್ ಗುರು’ ಎನ್ನುತ್ತಿದ್ದರು. ತೊಕ್ ಎಂದರೆ ಅಜ್ಜ. ಗುರು ಎಂದರೆ ಗುರುವೇ.

ಇಂಥದೊಂದು ಮನೆಯಲ್ಲಿ, ಕೋಟ ಭಾರುವಿನ ಹೊರವಲಯದ ಪುಲಾವ್ ಮೆಲಾಕ ಎಂಬ ಹಳ್ಳಿಯಲ್ಲಿ, 1931ರ ಜನವರಿ 10ರಂದು ನಿಕ್ ಅಬ್ದುಲ್ ಅಜೀಜ್ ಹುಟ್ಟಿದರು. ತಂದೆ ನಿಕ್ ಮಾತ್ ಧರ್ಮ ಬೋಧಕರು. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ, 1941ರ ಡಿಸೆಂಬರ್ 8ರ ನಡುರಾತ್ರಿ, ಜಪಾನಿ ಸೈನ್ಯ ಕೋಟ ಭಾರುವಿನ ಕಡಲ ದಂಡೆಗೆ ಇಳಿಯಿತು. ಪರ್ಲ್ ಹಾರ್ಬರ್ ಮೇಲೆ ಬಾಂಬು ಬೀಳುವುದಕ್ಕೆ ಒಂದು ಗಂಟೆಗೂ ಮೊದಲೇ ನಡೆದದ್ದು ಇದು. ಇತಿಹಾಸದ ಪುಸ್ತಕಗಳು ಇದನ್ನು ಹೆಚ್ಚಾಗಿ ಮರೆಯುತ್ತವೆ. ಆ ರಾತ್ರಿ ದಂಡೆಯ ಬಂಕರುಗಳಲ್ಲಿ ಕುಳಿತು ಗುಂಡು ಹಾರಿಸುತ್ತಿದ್ದವರು ನಮ್ಮ ಡೋಗ್ರಾ ರೆಜಿಮೆಂಟಿನ ಸೈನಿಕರು. ಜಪಾನಿಯರು ಕಣ್ಣಿಟ್ಟಿದ್ದ ವಿಮಾನ ನಿಲ್ದಾಣವಿದ್ದದ್ದು ಪೆಂಗ್‌ಕಾಲನ್ ಚೆಪಾದಲ್ಲಿ. ಈ ಹೆಸರು ಸ್ವಲ್ಪ ನೆನಪಿರಲಿ, ಮತ್ತೆ ಬರುತ್ತದೆ.

ನಿಕ್ ಅಜೀಜ್ ಕೆಲಂತಾನಿನಲ್ಲೂ ಪಕ್ಕದ ತೆರೆಂಗಾನು ರಾಜ್ಯದಲ್ಲೂ ಪೊಂಡೊಕ್ ಓದು ಮುಗಿಸಿ, 1952ರಲ್ಲಿ ಹೊರಟದ್ದು ಭಾರತಕ್ಕೆ. ಉತ್ತರ ಪ್ರದೇಶದ ದೇವಬಂದಿನ ದಾರುಲ್ ಉಲೂಮ್‌ನಲ್ಲಿ ಐದು ವರ್ಷ ಇದ್ದರು. ಅವರ ಗುರು ಮೌಲಾನಾ ಹುಸೇನ್ ಅಹಮದ್ ಮದನಿ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು. ರಾಷ್ಟ್ರ ಎಂಬುದು ಧರ್ಮದಿಂದ ಆಗುವುದಿಲ್ಲ, ಒಂದೇ ನೆಲದಲ್ಲಿ ಬಾಳುವ ಎಲ್ಲರೂ ಸೇರಿ ಒಂದು ರಾಷ್ಟ್ರ ಎಂದು ವಾದಿಸಿ ಪಾಕಿಸ್ತಾನದ ಬೇಡಿಕೆಯನ್ನು ವಿರೋಧಿಸಿದವರು. ಅಂಥವರ ಕೈಕೆಳಗೆ ಹದೀಸ್, ಅಂದರೆ ಪ್ರವಾದಿಯ ನಡೆನುಡಿಗಳ ದಾಖಲೆ, ಓದಿದ ಹುಡುಗ ಮುಂದೆ ಇಸ್ಲಾಮಿಕ್ ಆಡಳಿತ ಬೇಕು ಎನ್ನುವ ಪಕ್ಷದ ಮುಖವಾದ. ಇದರಲ್ಲಿ ವಿರೋಧಾಭಾಸ ಕಾಣುವುದು ಸಹಜ, ನನಗೂ ಮೊದಲು ಕಂಡಿತ್ತು. ಆದರೆ ಗುರುವಿನ ಒಂದು ಎಳೆ ಶಿಷ್ಯನಲ್ಲಿ ಕೊನೆಯವರೆಗೆ ಉಳಿಯಿತು. ಮಲಯ ಜನಾಂಗದ ಹೆಸರಿನಲ್ಲಿ ಮಾಡುವ ರಾಜಕೀಯಕ್ಕೆ ಇಸ್ಲಾಮಿನಲ್ಲಿ ಜಾಗವಿಲ್ಲ ಎಂದು ಅವರು ಜೀವನವಿಡೀ ಹೇಳಿದರು. ಮಲೇಶಿಯಾದಂಥ ದೇಶದಲ್ಲಿ, ಮಲಯರ ಮತದಿಂದಲೇ ಗೆಲ್ಲಬೇಕಾದ ಮನುಷ್ಯ ಹೀಗೆ ಹೇಳುವುದಕ್ಕೆ ಧೈರ್ಯ ಬೇಕು. ಅಲ್ಲಿ ಭೂಮಿಪುತ್ರ ಎಂಬ ನಮ್ಮ ಪದವೇ ಮೀಸಲಾತಿಯ ಸರಕಾರಿ ಪರಿಭಾಷೆಯಾಗಿದೆ.

ದೇವಬಂದಿನ ಬಳಿಕ ಸ್ವಲ್ಪ ಕಾಲ ಲಾಹೋರ್, ಆಮೇಲೆ ಕೈರೋದ ಅಲ್ ಅಜ್‌ಹರ್. 1962ರಲ್ಲಿ ಊರಿಗೆ ಮರಳಿ ಮೇಷ್ಟ್ರಾದರು. 1967ರಲ್ಲಿ ಪಾಸ್ ಪಕ್ಷ ಸೇರಿದರು, ಇಸ್ಲಾಮಿಕ್ ಆಡಳಿತ ಬೇಕು ಎನ್ನುವ ಪಕ್ಷ ಎಂದೆನಲ್ಲ, ಅದೇ ಇದು. ಅದೇ ವರ್ಷ ಕೆಲಂತಾನ್ ಹಿಲಿರ್ ಕ್ಷೇತ್ರದ ಉಪಚುನಾವಣೆ ಗೆದ್ದು ಸಂಸತ್ತಿಗೆ ಹೋದರು. ಆ ಕ್ಷೇತ್ರಕ್ಕೆ ಮುಂದೆ ಇಟ್ಟ ಹೆಸರೇ ಪೆಂಗ್‌ಕಾಲನ್ ಚೆಪಾ. 1986ರವರೆಗೆ ಅದು ಅವರ ಕೈ ಬಿಡಲಿಲ್ಲ.

ಪಾಸ್ ಪಕ್ಷದ ಬಗ್ಗೆ ಎರಡು ಮಾತು. ದೇಶವನ್ನು ಆಳುತ್ತಿದ್ದ ಉಮ್ನೊ ಪಕ್ಷಕ್ಕೆ ಮಲಯರ ನಡುವೆಯೇ ಇದ್ದ ಎದುರಾಳಿ ಇದು. 1959ರಲ್ಲಿ ಕೆಲಂತಾನಿನ 30 ಸ್ಥಾನಗಳಲ್ಲಿ 28ನ್ನು ಗೆದ್ದು ಅಧಿಕಾರಕ್ಕೆ ಬಂದಿತ್ತು. 1970ರ ದಶಕದಲ್ಲಿ ಅದರ ನಾಯಕ ಅಸ್ರಿ ಮುದಾ ಪಕ್ಷವನ್ನು ಉಮ್ನೊ ನೇತೃತ್ವದ ಆಡಳಿತ ಮೈತ್ರಿಕೂಟವಾದ ಬಾರಿಸಾನ್ ನ್ಯಾಶನಲ್ ಒಳಗೆ ಸೇರಿಸಿದರು. ಆನೆಯ ಜೊತೆ ಒಂದೇ ಕೋಣೆಯಲ್ಲಿ ಮಲಗಿದ ಹಾಗಾಯಿತು. 1977ರಲ್ಲಿ ಪಾಸ್‌ನವರು ತಮ್ಮದೇ ಮುಖ್ಯಮಂತ್ರಿಯ ವಿರುದ್ಧ ಅವಿಶ್ವಾಸ ತಂದರು, ಬೀದಿಯಲ್ಲಿ ಗಲಭೆಯಾಯಿತು, ಕೇಂದ್ರ ಸರಕಾರ ಕೆಲಂತಾನಿನಲ್ಲಿ ತುರ್ತುಸ್ಥಿತಿ ಹೇರಿತು. 1978ರ ಚುನಾವಣೆಯಲ್ಲಿ ಪಾಸ್‌ಗೆ ಸಿಕ್ಕಿದ್ದು 36ರಲ್ಲಿ ಎರಡೇ ಸ್ಥಾನ. ಈ ಪೆಟ್ಟು ನಿಕ್ ಅಜೀಜರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಉಮ್ನೊ ಜೊತೆ ರಾಜಿ ಎಂಬ ಮಾತು ಬಂದಾಗಲೆಲ್ಲ ಅವರು ಏಕೆ ಅಷ್ಟು ಕಟುವಾಗುತ್ತಿದ್ದರು ಎಂಬುದಕ್ಕೆ ಉತ್ತರ ಇಲ್ಲಿದೆ.

1982ರಲ್ಲಿ ಉಲೇಮಾಗಳ, ಅಂದರೆ ಧರ್ಮಪಂಡಿತರ, ಬಣ ಅಸ್ರಿಯನ್ನು ಇಳಿಸಿ ಪಕ್ಷವನ್ನು ಕೈಗೆ ತೆಗೆದುಕೊಂಡಿತು. ನಿಕ್ ಅಜೀಜ್ ಆ ಬಣದವರು, ಕೆಲಂತಾನಿನ ಹೊಣೆ ಅವರದಾಯಿತು. 1986ರಲ್ಲಿ ರಾಜ್ಯದ 39 ಸ್ಥಾನಗಳಲ್ಲಿ ಪಾಸ್ ಗೆದ್ದದ್ದು ಹತ್ತು. ಅವುಗಳಲ್ಲೊಂದು ಅವರದೇ, ಸೆಮುತ್ ಆಪಿ ಎಂಬ ಕ್ಷೇತ್ರ. ಸೆಮುತ್ ಆಪಿ ಎಂದರೆ ಬೆಂಕಿ ಇರುವೆ, ನಮ್ಮ ಕೆಂಜಿಗದ ನೆಂಟ. ರಾಜ್ಯಮಟ್ಟದ ರಾಜಕೀಯಕ್ಕೆ ಅವರು ಕಾಲಿಟ್ಟದ್ದು ಹೀಗೆ, 55ನೆಯ ವಯಸ್ಸಿನಲ್ಲಿ.

ಹತ್ತು ಸ್ಥಾನದಿಂದ ಅಧಿಕಾರಕ್ಕೆ ಏರಿದ ದಾರಿಯಲ್ಲಿ ಶತ್ರುವಿನ ಮನೆಯ ಜಗಳದ ಪಾಲು ದೊಡ್ಡದು. 1987ರಲ್ಲಿ ಉಮ್ನೊ ಅಧ್ಯಕ್ಷ ಸ್ಥಾನಕ್ಕೆ ಪ್ರಧಾನಿ ಮಹಾಥಿರ್ ಮೊಹಮ್ಮದ್ ವಿರುದ್ಧ ತೆಂಕು ರಜಾಲೀ ಹಮ್ಜಾ ನಿಂತು 43 ಮತಗಳಿಂದ ಸೋತರು. ರಜಾಲೀ ಕೆಲಂತಾನಿನ ರಾಜಮನೆತನದವರು. ಪಕ್ಷ ಒಡೆಯಿತು, ಅವರು ಸೆಮಾಂಗತ್ 46 ಎಂಬ ಹೊಸ ಪಕ್ಷ ಕಟ್ಟಿದರು. 1990ರ ಅಕ್ಟೋಬರಿನಲ್ಲಿ ರಾಜಕುಮಾರನೂ ಮೌಲ್ವಿಯೂ ಒಂದಾಗಿ ನಿಂತರು. ಅರಮನೆಯ ಅಭಿಮಾನ, ಮಸೀದಿಯ ಭಕ್ತಿ ಎರಡೂ ಒಂದೇ ಪೆಟ್ಟಿಗೆಗೆ ಬಿದ್ದವು. 39ಕ್ಕೆ 39. ಸಂಸತ್ತಿನಲ್ಲಿ ಕೆಲಂತಾನಿಗಿದ್ದ 13 ಸ್ಥಾನಗಳೂ ಇವರ ಪಾಲಾದವು. ವಿಧಾನಸಭೆಯಲ್ಲಿ ವಿರೋಧ ಪಕ್ಷದ ಬೆಂಚಿನ ಮೇಲೆ ಕೂರಲು ಒಬ್ಬರೂ ಇರಲಿಲ್ಲ. ಅಕ್ಟೋಬರ್ 22ರಂದು ತೊಕ್ ಗುರು ಮೆಂತೆರಿ ಬೆಸಾರ್ ಆದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಮನುಷ್ಯನ ರಾಜಕೀಯವನ್ನು ಅರಿಯಲು ಚುನಾವಣೆಯ ಅಂಕಿಗಳಿಗಿಂತ ಶುಕ್ರವಾರದ ಬೆಳಗು ಹೆಚ್ಚು ಸಹಾಯ ಮಾಡುತ್ತದೆ. ಕೆಲಂತಾನಿನಲ್ಲಿ ವಾರದ ರಜೆ ಶುಕ್ರವಾರ. ಅಂದು ಕೋಟ ಭಾರುವಿನ ನಡುವೆ, ಪಕ್ಷದ ಕಚೇರಿಯ ಎದುರಿನ ರಸ್ತೆಯಲ್ಲಿ ವಾಹನಗಳು ನಿಲ್ಲುತ್ತವೆ. ಟಾರಿನ ಮೇಲೆ ಜನ ಚಾಪೆ, ಪ್ಲಾಸ್ಟಿಕ್ ಹಾಳೆ, ಏನೂ ಇಲ್ಲದಿದ್ದರೆ ಹಳೆಯ ಪತ್ರಿಕೆ ಹಾಸಿಕೊಂಡು ಕೂರುತ್ತಾರೆ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಅಂಚಿನಲ್ಲಿ ಸಂತೆಯೇ ಸೇರುತ್ತದೆ: ತಿಂಡಿ, ಔಷಧಿ ಬೇರು, ಟೋಪಿ, ಪುಸ್ತಕ, ಹೂವಿನಿಂದ ನೀಲಿ ಬಣ್ಣ ಬರಿಸಿದ ಅನ್ನದ ಪೊಟ್ಟಣ. ಬಿಳಿ ಮುಂಡಾಸಿನ ಸಣಕಲು ದೇಹದ ಮನುಷ್ಯ ಬಂದು ಕುಳಿತು ಕುರಾನಿನ ಒಂದು ವಾಕ್ಯ ಓದಿ, ಅಚ್ಚ ಕೆಲಂತಾನಿ ಆಡುನುಡಿಯಲ್ಲಿ ಅರ್ಥ ಹೇಳಲು ತೊಡಗುತ್ತಾನೆ. ದನಿ ಏರಿಸುವುದಿಲ್ಲ. ಉದಾಹರಣೆಗಳೆಲ್ಲ ಗದ್ದೆಯವು, ಅಡುಗೆಮನೆಯವು.

ಕನ್ನಡಿಗರೊಬ್ಬರು ಆ ಚಾಪೆಯ ಮೇಲೆ ಕೂತರೆ ಅವರ ಕಿವಿಗೆ ಒಂದು ವಿಚಿತ್ರ ಬೀಳುತ್ತದೆ. ಪಾಪಕ್ಕೆ ‘ದೋಸ’ ಎನ್ನುತ್ತಾರೆ. ಪುಣ್ಯಕ್ಕೆ ‘ಪಹಲಾ’, ಅಂದರೆ ಫಲ. ರಮ್ಜಾನಿನ ಉಪವಾಸ ‘ಪುವಾಸ’. ‘ಶುರ್ಗ’ ಇದೆ, ‘ನೆರಕ’ ಇದೆ. ಧರ್ಮಕ್ಕೇ ‘ಆಗಮ’ ಎಂದು ಹೆಸರು. ಇಸ್ಲಾಮಿನ ಪಾಠವನ್ನು ಸಂಸ್ಕೃತದ ಪದಗಳಲ್ಲಿ ಕೇಳುತ್ತ ಕುಳಿತ ಸಾವಿರಾರು ಜನರಿಗೆ ಅದು ಸಂಸ್ಕೃತ ಎಂಬ ಪರಿವೆಯೇ ಇರಬೇಕಾಗಿಲ್ಲ. ಅದು ಅವರ ಭಾಷೆ, ಅಷ್ಟೇ. ಪಾಠದ ಎಲ್ಲಿ ಧರ್ಮ ಮುಗಿಯಿತು, ಎಲ್ಲಿ ರಾಜಕೀಯ ತೊಡಗಿತು ಎಂದು ಹೇಳುವುದೂ ಅಷ್ಟೇ ಕಷ್ಟವಾಗಿತ್ತು. ಎದುರಾಳಿಗಳು ಇದನ್ನೇ ದೂರುತ್ತಿದ್ದರು. ಬೇರೆ ಮಾಡಬೇಕಾದ್ದು ಏನಿದೆ ಎಂಬುದು ನಿಕ್ ಅಜೀಜರ ನಿಲುವು.

ಮುಖ್ಯಮಂತ್ರಿಯಾದ ಮೇಲೂ ಅವರು ಸರಕಾರಿ ನಿವಾಸಕ್ಕೆ ಹೋಗಲಿಲ್ಲ. ಪುಲಾವ್ ಮೆಲಾಕದಲ್ಲಿ ಮಸೀದಿ ಮತ್ತು ಶಾಲೆಯ ಪಕ್ಕದ ತಮ್ಮ ಮರದ ಮನೆಯಲ್ಲೇ ಇದ್ದರು. ಬೆಳಗಿನ ಜಾವದ ನಮಾಜಿಗೆ ಆ ಮಸೀದಿಯಲ್ಲೇ ಮುಂದೆ ನಿಲ್ಲುತ್ತಿದ್ದರು. ಯಾರು ಬೇಕಾದರೂ ಬಂದು ಮಾತನಾಡಿಸಬಹುದಿತ್ತು. ಅವರ ಬಗ್ಗೆ ಒಂದು ಕಥೆ ಹೇಳುತ್ತಾರೆ: ಕಚೇರಿಯಲ್ಲಿ ಮಾತು ಸರಕಾರಿ ವಿಷಯ ಬಿಟ್ಟು ಮನೆ ವಿಷಯಕ್ಕೆ ತಿರುಗಿದ ಕೂಡಲೇ ಎದ್ದು ದೀಪ ಆರಿಸುತ್ತಿದ್ದರಂತೆ, ವಿದ್ಯುತ್ತಿನ ಬಿಲ್ಲು ಜನರದು ಎಂದು. ಎಂಟನೆಯ ಶತಮಾನದ ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜರ ಬಗ್ಗೆಯೂ ಇದೇ ಕಥೆ ಇದೆ, ಅಲ್ಲಿ ಬಲ್ಬಿನ ಬದಲು ಎಣ್ಣೆ ದೀಪ. ಹಳೆಯ ಕಥೆಯೊಂದನ್ನು ಜನ ಎತ್ತಿಕೊಂಡು ಹೊಸಬನಿಗೆ ತೊಡಿಸುವುದು ಸುಮ್ಮಸುಮ್ಮನೆ ಆಗುವುದಿಲ್ಲ. ಮಹಾಥಿರ್ ಕಾಲದ ಮಲೇಶಿಯಾ ನೆನೆಸಿಕೊಳ್ಳಿ. ಜೋಡಿ ಗೋಪುರ, ಹೊಸ ಆಡಳಿತ ರಾಜಧಾನಿ, ಗುತ್ತಿಗೆದಾರರ ಬಂಗಲೆಗಳು. ಅದರ ಎದುರಿಗೆ ಈ ಮರದ ಮನೆ. ಭಾಷಣವೇ ಬೇಕಿರಲಿಲ್ಲ.

ಈಗ ಹಣದ ಮಾತು. ಮಲೇಶಿಯಾದ ಒಕ್ಕೂಟದಲ್ಲಿ ಆದಾಯ ತೆರಿಗೆ, ಕಂಪನಿ ತೆರಿಗೆ, ಸುಂಕ ಎಲ್ಲವೂ ಕೇಂದ್ರಕ್ಕೆ. ರಾಜ್ಯದ ಪಾಲಿಗೆ ಉಳಿಯುವುದು ಭೂಮಿ, ಕಾಡು, ಗಣಿ, ಮತ್ತು ಇಸ್ಲಾಮ್ ಧರ್ಮದ ಆಡಳಿತ. ಎದುರು ಪಕ್ಷದ ಕೈಯಲ್ಲಿದ್ದ ಕೆಲಂತಾನಿಗೆ ಕೇಂದ್ರದ ಅಭಿವೃದ್ಧಿ ಹಣ ರಾಜ್ಯ ಸರಕಾರದ ಮೂಲಕ ಬರುತ್ತಿರಲಿಲ್ಲ. ಕೇಂದ್ರ ತನ್ನದೇ ಇಲಾಖೆಯನ್ನು ಅಲ್ಲಿ ಇಟ್ಟು ತಾನೇ ಖರ್ಚು ಮಾಡುತ್ತಿತ್ತು. ದೊಡ್ಡ ಜಗಳ ತೈಲದ್ದು. 1970ರ ದಶಕದಲ್ಲಿ ರಾಷ್ಟ್ರೀಯ ತೈಲ ಕಂಪನಿ ಪೆಟ್ರೋನಾಸ್ ಒಂದೊಂದೇ ರಾಜ್ಯದೊಂದಿಗೆ ಒಪ್ಪಂದ ಮಾಡಿಕೊಂಡಿತ್ತು: ತೈಲ ಮತ್ತು ಅನಿಲದ ಬೆಲೆಯಲ್ಲಿ ನೂರಕ್ಕೆ 5 ರಾಜ್ಯಕ್ಕೆ. ಕೆಲಂತಾನಿನ ಸಮುದ್ರದಲ್ಲಿ ಅನಿಲ ಸಿಕ್ಕಾಗ, ಅದು ದಂಡೆಯಿಂದ ಮೂರು ನಾಟಿಕಲ್ ಮೈಲಿಗಿಂತ ಆಚೆ ಇದೆ, ಆದ್ದರಿಂದ ನಿಮಗೆ ಪಾಲಿಲ್ಲ ಎಂಬ ಉತ್ತರ ಬಂತು. ಬದಲಿಗೆ ‘ವಾಂಗ್ ಇಹ್ಸಾನ್’ ಕೊಡುತ್ತೇವೆ ಎಂದರು, ಅಂದರೆ ಕರುಣೆಯ ಹಣ. ಹಕ್ಕು ಕೇಳಿದವನ ಬೊಗಸೆಗೆ ಭಿಕ್ಷೆ ಹಾಕಿದ ಹಾಗೆ. 2010ರಲ್ಲಿ ಕೆಲಂತಾನ್ ಸರಕಾರ ಪೆಟ್ರೋನಾಸ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಈ ವಿಷಯದಲ್ಲಿ ನಾನು ಪೂರ್ತಿ ತೊಕ್ ಗುರುವಿನ ಪಕ್ಷ.

ಆದರೆ ನೀರಿನ ವಿಷಯದಲ್ಲಿ ಅಲ್ಲ. ಕೆಲಂತಾನಿನ ಉತ್ತರ ಭಾಗದ ಕುಡಿಯುವ ನೀರು ಬಹುಮಟ್ಟಿಗೆ ಅಂತರ್ಜಲ. ಅದರಲ್ಲಿ ಕಬ್ಬಿಣದ ಅಂಶ ಹೆಚ್ಚು. ನಲ್ಲಿ ತಿರುಗಿಸಿದರೆ ಚಹಾದ ಬಣ್ಣದ ನೀರು. ಬಿಳಿ ಬಟ್ಟೆ ಒಗೆದರೆ ನಾಲ್ಕೇ ವಾರದಲ್ಲಿ ಹಳದಿ. ಬಹಳ ಮನೆಗಳಲ್ಲಿ ಬಾವಿಯನ್ನೋ ಸ್ವಂತ ಬೋರನ್ನೋ ನೆಚ್ಚಿಕೊಂಡಿದ್ದಾರೆ. ನೀರು ಪೂರೈಕೆ 1990ರ ದಶಕದಲ್ಲಿ ಖಾಸಗಿಯವರ ಕೈಗೆ ಹೋಗಿ, ಮತ್ತೆ ರಾಜ್ಯದ ಕೈಗೆ ಬಂತು. 22 ವರ್ಷ ಒಬ್ಬರೇ ಆಳಿದರೂ ನಲ್ಲಿಯ ನೀರು ತಿಳಿಯಾಗಲಿಲ್ಲ. ಕೇಂದ್ರ ಹಣ ಕೊಡಲಿಲ್ಲ ಎಂಬುದು ನಿಜ. ಹಳೆಯ ಕೊಳವೆ ಬದಲಿಸುವುದನ್ನು ಆದ್ಯತೆಯ ಪಟ್ಟಿಯಲ್ಲಿ ಮೇಲಿಡದೆ ಬಂದದ್ದೂ ನಿಜ. ಇಲ್ಲಿ ನನ್ನ ಮುಖ್ಯ ತಕರಾರು ಇದೆ: ಒಬ್ಬ ಮನುಷ್ಯ ತನಗಾಗಿ ಬಡತನವನ್ನು ಆರಿಸಿಕೊಂಡರೆ ಕೈ ಮುಗಿಯಬಹುದು. ಅದೇ ಮನುಷ್ಯ ರಾಜ್ಯವನ್ನು ಆಳುವಾಗ, ಆರಿಸಿಕೊಳ್ಳದೆಯೇ ಬಡವರಾಗಿರುವವರು ಅವನ ಮನೆಯನ್ನು ನೋಡಿ ತಮ್ಮ ನಲ್ಲಿಯ ಬಗ್ಗೆ ಕೇಳುವುದಕ್ಕೆ ಹಿಂಜರಿಯುತ್ತಾರೆ. ಮರದ ಮನೆ ಕ್ವಾಲಾಲಂಪುರಕ್ಕೆ ಕೊಟ್ಟ ಉತ್ತರವಾಗಿತ್ತು. ಊರಿನವರ ಪ್ರಶ್ನೆಗೆ ಅಡ್ಡ ಇಟ್ಟ ಬಾಗಿಲೂ ಆಗಿತ್ತು. ಕೆಲಸ ಹುಡುಕಿಕೊಂಡು ಹೋದ ಹುಡುಗ ಹುಡುಗಿಯರು ಕ್ವಾಲಾಲಂಪುರದಲ್ಲಿ ತುಂಬಿಕೊಂಡರು. ಚುನಾವಣೆ ಬಂದಾಗ, ಈದ್ ಬಂದಾಗ ಬಸ್ಸು ಹಿಡಿದು ರಾತ್ರಿಯಿಡೀ ಬೆಟ್ಟದ ದಾರಿಯಲ್ಲಿ ಊರಿಗೆ ಬರುತ್ತಾರೆ. ಬಂದು ತೊಕ್ ಗುರುವಿಗೇ ಮತ ಹಾಕಿ ಮರಳಿ ಹೋಗುತ್ತಿದ್ದರು.

‘ಇಸ್ಲಾಮಿನೊಂದಿಗೆ ಅಭಿವೃದ್ಧಿ’ ಎಂಬುದು ಅವರ ಸರಕಾರದ ಘೋಷವಾಕ್ಯ. ಆಡಳಿತದಲ್ಲಿ ಇದು ಹಲವು ರೂಪ ಪಡೆಯಿತು. ಬಡ್ಡಿಯಿಲ್ಲದ ಗಿರವಿ ಅಂಗಡಿಗಳನ್ನು 1992ರಲ್ಲಿ ತೆರೆದರು. ಬಂಗಾರ ಒತ್ತೆಯಿಟ್ಟು ದಿನ ದೂಡುವ ಹೆಂಗಸರಿಗೆ ಅದು ನಿಜವಾಗಿ ನೆರವಾಯಿತು, ದೇಶದ ಬೇರೆಡೆಗೂ ಹಬ್ಬಿತು. ಜೂಜು ನಿಂತಿತು. ಸೂಪರ್ ಮಾರ್ಕೆಟ್ಟಿನ ಬಿಲ್ಲಿನ ಕೌಂಟರಿನಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸಾಲು ಬಂತು. 1993ರಲ್ಲಿ ಹುದೂದ್ ಎಂಬ ಇಸ್ಲಾಮಿಕ್ ದಂಡಸಂಹಿತೆಯನ್ನು ವಿಧಾನಸಭೆ ಅಂಗೀಕರಿಸಿತು. ಕಳ್ಳನ ಕೈ ಕಡಿಯುವ ಶಿಕ್ಷೆಯೂ ಅದರಲ್ಲಿತ್ತು. ರಾಜ್ಯದ ಷರಿಯಾ ನ್ಯಾಯಾಲಯಕ್ಕೆ ಸಂಸತ್ತು ಹಾಕಿರುವ ಮಿತಿ ಮೂರು ವರ್ಷ ಜೈಲು, ಐದು ಸಾವಿರ ರಿಂಗಿಟ್ ದಂಡ, ಆರು ಛಡಿ ಏಟು. ಹಾಗಾಗಿ ಅವರ ಜೀವಿತಕಾಲದಲ್ಲಿ ಆ ಸಂಹಿತೆ ಕಾಗದ ಬಿಟ್ಟು ಇಳಿಯಲಿಲ್ಲ.

ನನಗೆ ಇವತ್ತಿಗೂ ನೋಯುವುದು ಕಾಗದದ ಮೇಲಿನ ಶಿಕ್ಷೆಗಿಂತ ನೆಲದ ಮೇಲೆ ಜಾರಿಯಾದ ನಿಷೇಧ. ಕೆಲಂತಾನಿನಲ್ಲಿ ‘ಮಾಕ್ ಯೋಂಗ್’ ಎಂಬ ನೃತ್ಯನಾಟಕವಿದೆ. ರಾಜನ ಪಾತ್ರವನ್ನೂ ಹೆಣ್ಣೇ ಕಟ್ಟುತ್ತಾಳೆ. ಆಟ ಶುರುವಾಗುವುದು ರೆಬಾಬ್ ಎಂಬ ತಂತಿವಾದ್ಯದ ಎದುರು ಕಲಾವಿದೆಯರು ಕುಳಿತು, ಕೈಗಳನ್ನು ತೀರಾ ನಿಧಾನವಾಗಿ ಅರಳಿಸುತ್ತ ಹಾಡುವ ಮೊದಲ ಹಾಡಿನಿಂದ. ಇನ್ನೊಂದು ‘ವಾಯಾಂಗ್ ಕುಲಿತ್’. ಕುಲಿತ್ ಎಂದರೆ ಚರ್ಮ. ನಮ್ಮ ತೊಗಲುಗೊಂಬೆಯಾಟದ ದೂರದ ದಾಯಾದಿ. ಅದರ ಕಥೆ ರಾಮಾಯಣ. ಸೆರಿ ರಾಮ, ಸಿತಿ ದೇವಿ, ಮಹಾರಾಜ ರಾವಣ, ಬಿಳಿಯ ಕಪಿ ಹನುಮಂತ, ಜೊತೆಗೆ ಪಾಕ್ ದೊಗೊಲ್, ವಾಕ್ ಲೊಂಗ್ ಎಂಬ ಇಬ್ಬರು ಕೆಲಂತಾನಿ ಹಾಸ್ಯಗಾರರು. ತಲೆತಲಾಂತರದಿಂದ ಮುಸ್ಲಿಮ್ ಕಲಾವಿದರೇ ಇದನ್ನು ಆಡಿಸಿಕೊಂಡು ಬಂದವರು. ಬಯಲಲ್ಲಿ ಬಿದಿರಿನ ಅಟ್ಟ, ಹಿಂದೆ ಒಂದು ದೀಪ, ಗೊಂಬೆ ಆಡಿಸುವವನೊಬ್ಬನೇ ಹತ್ತಾರು ಪಾತ್ರಗಳ ದನಿ ತೆಗೆಯುತ್ತಾನೆ. ಇಸ್ಲಾಮ್‌ಪೂರ್ವದ ನಂಬಿಕೆಗಳಿವೆ, ಹೆಣ್ಣು ಗಂಡು ಬೆರೆತು ನೋಡುತ್ತಾರೆ ಎಂದು 1990ರ ದಶಕದಲ್ಲಿ ಸರಕಾರ ಇವುಗಳ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಿತು. 1993ರಲ್ಲಿ ಕೆಲಂತಾನಿನದೇ ಗೊಂಬೆಯಾಟದ ಗುರು ಹಮ್ಜಾ ಅವಾಂಗ್ ಅಮಾತ್ ಅವರಿಗೆ ದೇಶ ರಾಷ್ಟ್ರೀಯ ಕಲಾವಿದ ಗೌರವ ಕೊಟ್ಟಿತು. 2005ರಲ್ಲಿ ಯುನೆಸ್ಕೊ ಮಾಕ್ ಯೋಂಗ್ ಅನ್ನು ಮನುಕುಲದ ಪರಂಪರೆ ಎಂದು ಸಾರಿತು. ಹುಟ್ಟಿದ ಊರಿನಲ್ಲಿ ಮಾತ್ರ ಬಹಿರಂಗವಾಗಿ ಆಡುವಂತಿರಲಿಲ್ಲ. ಹಳ್ಳಿಯ ನುಡಿಯನ್ನು ಅಷ್ಟು ಪ್ರೀತಿಸಿದ ಮೇಷ್ಟ್ರಿಗೆ ಹಳ್ಳಿಯ ಆಟ ಕಣ್ಣಿಗೆ ಚುಚ್ಚಿತಲ್ಲ ಎಂದು ನಾನು ಈಗಲೂ ಚಡಪಡಿಸುತ್ತೇನೆ.

ಹೆಂಗಸರ ವಿಷಯದಲ್ಲಿ ಅವರ ನಾಲಿಗೆ ಹಲವು ಸಲ ಎಡವಿತು. ಅತ್ಯಾಚಾರದ ಹೊಣೆಯನ್ನು ಹೆಣ್ಣಿನ ಉಡುಪಿನ ಮೇಲೆ ಹೊರಿಸುವಂಥ ಮಾತು ಆಡಿ ದೇಶದಾದ್ಯಂತ ಛೀಮಾರಿ ಹಾಕಿಸಿಕೊಂಡರು. ಅದನ್ನು ಮೃದುಗೊಳಿಸಿ ಹೇಳುವ ಇರಾದೆ ನನಗಿಲ್ಲ. ಅದೇ ಕೋಟ ಭಾರುವಿನ ದೊಡ್ಡ ಮಾರುಕಟ್ಟೆಗೆ ಹೋದರೆ ಇನ್ನೊಂದು ನೋಟ. ಮೇಲಿನ ಗಾಜಿನ ಚಾವಣಿಯಿಂದ ಹಳದಿ ಬೆಳಕು ಸುರಿಯುತ್ತದೆ. ಕೆಳಗೆ ಕಟ್ಟೆಗಳ ಮೇಲೆ ಸೊಪ್ಪು, ಮೆಣಸಿನಕಾಯಿ, ಒಣಮೀನು, ‘ಬುದು’ ಎಂಬ ಮೀನಿನ ಗೊಜ್ಜಿನ ಸೀಸೆಗಳು. ಅವುಗಳ ನಡುವೆ ತಲೆಗೆ ಬಣ್ಣದ ವಸ್ತ್ರ, ಕೈತುಂಬ ಬಂಗಾರದ ಬಳೆ ತೊಟ್ಟು ಕುಳಿತವರು ಬಹುತೇಕ ಎಲ್ಲರೂ ಹೆಂಗಸರು. ದರ ಹೇಳುವವರು ಅವರು, ಚೌಕಾಶಿ ಮುರಿಯುವವರು ಅವರು, ನೋಟು ಎಣಿಸುವವರೂ ಅವರೇ. ಈ ಮಾರುಕಟ್ಟೆಗೆ ಸಿತಿ ಖದೀಜಾ ಎಂದು ಹೆಸರಿಟ್ಟದ್ದು ನಿಕ್ ಅಜೀಜರ ಸರಕಾರ. ಖದೀಜಾ ಪ್ರವಾದಿಯ ಪತ್ನಿ, ಸ್ವತಃ ದೊಡ್ಡ ವ್ಯಾಪಾರಿ. ಆ ಹೆಂಗಸರಲ್ಲಿ ಎಷ್ಟೋ ಮಂದಿ ಶುಕ್ರವಾರದ ಪಾಠಕ್ಕೆ ತಪ್ಪದೆ ಹೋಗುತ್ತಿದ್ದವರು.

ಚುನಾವಣೆಗಳನ್ನು ಬೇಗ ದಾಟುತ್ತೇನೆ. 1996ರಲ್ಲಿ ರಜಾಲೀ ತಮ್ಮ ಪಕ್ಷ ಮುಚ್ಚಿ ಉಮ್ನೊಗೆ ಮರಳಿದರು, ಮೈತ್ರಿ ಮುರಿಯಿತು. 1998ರಲ್ಲಿ ಮಹಾಥಿರ್ ತಮ್ಮ ಉಪಪ್ರಧಾನಿ ಅನ್ವರ್ ಇಬ್ರಾಹಿಮ್‌ರನ್ನು ಕಿತ್ತೊಗೆದು ಜೈಲಿಗೆ ಕಳುಹಿಸಿದ ಸಿಟ್ಟಿನಲ್ಲಿ, 1999ರಲ್ಲಿ ಪಾಸ್ 43ರಲ್ಲಿ 41 ಗೆದ್ದಿತು. 2004ರಲ್ಲಿ ಗಾಳಿ ತಿರುಗಿತು. 45ರಲ್ಲಿ 24, ಹಾಗೂ ಹೀಗೂ ಉಳಿದರು. 2005ರ ಡಿಸೆಂಬರಿನಲ್ಲಿ ಪೆಂಗ್‌ಕಾಲನ್ ಪಾಸಿರ್ ಉಪಚುನಾವಣೆಯನ್ನು 134 ಮತಗಳಿಂದ ಸೋತ ಮೇಲೆ ಲೆಕ್ಕ 23–22. ಒಬ್ಬ ಶಾಸಕನಿಗೆ ನೆಗಡಿಯಾದರೂ ಸರಕಾರಕ್ಕೆ ಜ್ವರ ಬರುವ ಸ್ಥಿತಿ. ಆ ಒಂದು ಸ್ಥಾನದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಸರಕಾರ ನಡೆಸಿದರು, ಒಬ್ಬರೂ ಪಕ್ಷ ಬಿಟ್ಟು ಹೋಗಲಿಲ್ಲ. ನಾವು ಕರ್ನಾಟಕದವರು ಈ ವಾಕ್ಯವನ್ನು ಎರಡು ಸಲ ಓದಬೇಕು. 2008ರಲ್ಲಿ ಮತ್ತೆ 38.

ಆ 2008ರ ಬಳಿಕದ ಕೆಲವು ವರ್ಷ ಅವರ ರಾಜಕೀಯದ ಅತ್ಯಂತ ಕುತೂಹಲದ ಘಟ್ಟ. ಪಾಸ್, ಅನ್ವರ್ ಪಕ್ಷ, ಮತ್ತು ಹೆಚ್ಚಾಗಿ ಮಲೇಶಿಯಾದ ಚೀನೀ ಮೂಲದವರ ಬೆಂಬಲವಿದ್ದ ಡಿಎಪಿ ಪಕ್ಷ ಸೇರಿ ಪಾಕಾತಾನ್ ರಕ್ಯಾತ್ ಎಂಬ ಕೂಟ ಕಟ್ಟಿದವು. ಪಾಸ್‌ನ ಕೆಲವು ಮುಂದಾಳುಗಳಿಗೆ ಒಳಗೊಳಗೇ ಉಮ್ನೊ ಜೊತೆ ‘ಮಲಯರ ಐಕ್ಯ’ದ ಸರಕಾರ ಮಾಡುವ ಆಸೆ. 2009ರಲ್ಲಿ ನಿಕ್ ಅಜೀಜ್ ಇದನ್ನು ಬಹಿರಂಗವಾಗಿಯೇ ಹೊಡೆದುಹಾಕಿದರು. ಅಷ್ಟು ಇಷ್ಟವಿದ್ದರೆ ಪಕ್ಷದ ಉಪಾಧ್ಯಕ್ಷರು ಹುದ್ದೆ ಬಿಟ್ಟು ಹೋಗಲಿ ಎಂದರು. ಆಗ ಅವರಿಗೆ 78. ಕೆಲಂತಾನಿನ ತುಂಪಾತ್ ಬಳಿ 40 ಮೀಟರ್ ಉದ್ದದ ಮಲಗಿದ ಬುದ್ಧನ ವಿಗ್ರಹವಿದೆ, ಸುತ್ತ ಸಯಾಮಿ ಹಳ್ಳಿಗಳಿವೆ. ಅವುಗಳಿಗೆ ಅವರ ಆಳ್ವಿಕೆಯಲ್ಲಿ ಧಕ್ಕೆಯಾಗಲಿಲ್ಲ. ಗಡಿಯ ರಂತಾವ್ ಪಂಜಾಂಗಿನಲ್ಲಿ ಚೀನೀ ವಾಸ್ತುಶೈಲಿಯ ಮಸೀದಿ ಕಟ್ಟಿಸಿದ್ದೂ ಅವರ ಸರಕಾರವೇ. ಇಸ್ಲಾಮ್ ಮಲಯರ ಆಸ್ತಿಯಲ್ಲ ಎಂಬ ಹಳೆಯ ಪಾಠವನ್ನು ಇಟ್ಟಿಗೆ ಹೆಂಚಿನಲ್ಲಿ ಬರೆದ ಹಾಗೆ.

ಅದೇ 2009ರಲ್ಲಿ ಮನೆಯೊಳಗಿನಿಂದ ಮುಜುಗರ ಬಂತು. ಅವರ ಅಳಿಯನನ್ನು ರಾಜ್ಯದ ನಿಗಮವೊಂದರ ಮುಖ್ಯಸ್ಥನನ್ನಾಗಿ ನೇಮಿಸಿದ್ದು ಪಕ್ಷದೊಳಗೇ ಪ್ರಶ್ನೆಗೆ ಗುರಿಯಾಯಿತು. ಅಳಿಯ ರಾಜೀನಾಮೆ ಕೊಟ್ಟರು. ಯಾರೋ ಪ್ರಾಯೋಜಿಸಿದ್ದ ಹಜ್ ಯಾತ್ರೆಯ ಸುದ್ದಿ ಹೊರಬಿದ್ದು, ತೊಕ್ ಗುರು ಯಾತ್ರೆ ಕೈಬಿಟ್ಟರು. ಬೇರೆ ರಾಜಕಾರಣಿಯಾಗಿದ್ದರೆ ಇವು ಒಳಪುಟದ ಸುದ್ದಿಗಳು. ದೀಪ ಆರಿಸಿದವರ ಕಥೆ ಹೇಳಿಸಿಕೊಂಡವರಿಗೆ ಅಳತೆಗೋಲು ಬೇರೆ. ಅದಕ್ಕೂ ಮೊದಲು, 2001ರಲ್ಲಿ, ಅವರ ಮಗನೊಬ್ಬನನ್ನು ಉಗ್ರಗಾಮಿ ಗುಂಪಿನ ನಾಯಕ ಎಂಬ ಆರೋಪದಲ್ಲಿ ಆಂತರಿಕ ಭದ್ರತಾ ಕಾಯ್ದೆಯಡಿ ಹಿಡಿದು, ವಿಚಾರಣೆಯೇ ಇಲ್ಲದೆ ಸುಮಾರು ಐದು ವರ್ಷ ಒಳಗಿಟ್ಟಿದ್ದರು. ಆ ವರ್ಷಗಳಲ್ಲೂ ಶುಕ್ರವಾರದ ಪಾಠ ನಡೆದೇ ಇತ್ತು.

2013ರ ಮೇ ತಿಂಗಳ ಚುನಾವಣೆಯನ್ನು ಗೆದ್ದು, ಮರುದಿನವೇ ಅಧಿಕಾರವನ್ನು ತಮ್ಮ ಉಪಮುಖ್ಯಮಂತ್ರಿ ಅಹಮದ್ ಯಾಕೂಬ್‌ಗೆ ಒಪ್ಪಿಸಿದರು. 82 ವಯಸ್ಸು, ಕ್ಯಾನ್ಸರ್ ಮೈಯಲ್ಲಿ ಇಳಿದಿತ್ತು. 2014ರ ಡಿಸೆಂಬರಿನಲ್ಲಿ ಕೆಲಂತಾನಿಗೆ ಹಿಂದೆಂದೂ ಕಾಣದ ಪ್ರವಾಹ ಬಂತು. ಜನ ಅದನ್ನು ‘ಬಾಹ್ ಕುನಿಂಗ್’ ಎಂದು ಕರೆದರು, ಹಳದಿ ಪ್ರವಾಹ. ನೀರಿನಲ್ಲಿ ಅಷ್ಟು ಕೆಸರು, ಅಷ್ಟು ಮರದ ದಿಮ್ಮಿ. ಮೇಲಿನ ಗುವಾ ಮುಸಾಂಗ್ ಕಡೆಯ ಕಾಡು ಕಡಿದದ್ದೇ ಕಾರಣ ಎಂದು ಬಹಳ ಮಂದಿ ಬೆರಳು ತೋರಿದರು. ಹಣವಿಲ್ಲದ ರಾಜ್ಯಕ್ಕೆ ಮಾರಲು ಉಳಿದಿದ್ದದ್ದು ಕಾಡು ಮತ್ತು ನೆಲ ಎಂದು ಆಗಲೇ ಹೇಳಿದೆನಲ್ಲ, ಅದರ ಬಾಕಿ ಇದು. ಎರಡು ತಿಂಗಳೊಳಗೆ, 2015ರ ಫೆಬ್ರವರಿ 12ರ ಗುರುವಾರ ರಾತ್ರಿ, ಅದೇ ಮರದ ಮನೆಯಲ್ಲಿ ನಿಕ್ ಅಜೀಜ್ ತೀರಿಕೊಂಡರು. ಮಣ್ಣು ಮಾಡಿದ್ದು ಮರುದಿನ ಬೆಳಗ್ಗೆ, ಶುಕ್ರವಾರ. ಪಾಠಕ್ಕೆಂದು ಹೊರಟಿದ್ದ ಬಸ್ಸುಗಳೂ ಪುಲಾವ್ ಮೆಲಾಕದ ಕಿರಿದಾದ ಹಾದಿಗೇ ತಿರುಗಿರಬೇಕು. ಜನ ಗದ್ದೆಗಳಲ್ಲಿ ನಿಂತಿದ್ದರು.

ನಾಲ್ಕು ತಿಂಗಳು ಕಳೆದ ಮೇಲೆ ಪಾಸ್ ತನ್ನ ಸಮಾವೇಶದಲ್ಲಿ ಡಿಎಪಿ ಜೊತೆಗಿನ ನಂಟನ್ನು ಕಡಿದುಕೊಂಡಿತು. ಕೂಟ ಸತ್ತಿತು. ಅದನ್ನು ಒಪ್ಪದವರು ಹೊರಬಂದು ಅಮಾನಾ ಎಂಬ ಪಕ್ಷ ಕಟ್ಟಿದರು. ಇಬ್ಬರೂ ತೊಕ್ ಗುರುವಿನ ಹೆಸರನ್ನೇ ಹೇಳುತ್ತಿದ್ದರು. ಅವರ ಮಕ್ಕಳಲ್ಲೂ ದಾರಿ ಬೇರೆಯಾಯಿತು: ನಿಕ್ ಅಬ್ದುಹ್ ಪಾಸ್‌ನಲ್ಲಿ ಉಳಿದರು, ನಿಕ್ ಒಮರ್ 2018ರಲ್ಲಿ ಎದುರು ಕೂಟದಿಂದ ಚೆಂಪಾಕ ಕ್ಷೇತ್ರಕ್ಕೆ ನಿಂತರು. ಚೆಂಪಾಕ ಎಂದರೆ ಸಂಪಿಗೆ. 1995ರಿಂದ ಸಾಯುವವರೆಗೆ ನಿಕ್ ಅಜೀಜ್ ಪ್ರತಿನಿಧಿಸಿದ ಕ್ಷೇತ್ರ ಅದು. ಅಪ್ಪನ ಪಕ್ಷವೋ, ಅಪ್ಪನ ಮಗನೋ ಎಂದು ಆರಿಸಬೇಕಾಗಿ ಬಂದಾಗ ಸಂಪಿಗೆಯ ಮತದಾರರು ಪಕ್ಷವನ್ನು ಆರಿಸಿದರು. ಆ ಚುನಾವಣೆಯ ಪ್ರಚಾರದಲ್ಲೂ ನಲ್ಲಿಯ ನೀರಿನ ಬಣ್ಣದ ಮಾತು ಬಂದಿತ್ತು.